ಎಳ್ಳಮಾವಾಸ್ಯೆಗೆ ಇನ್ನೆಷ್ಟು ದಿನ?

2023ರ ಗೋಡೆ ಕ್ಯಾಲೆಂಡರಿನಲ್ಲಿ ಎಳ್ಳಮಾವಾಸ್ಯೆ ಇರಲಿಲ್ಲ. ಅದರ ಹಿಂದಿನ ವರ್ಷ ಹಬ್ಬವು ಎರಡು ಬಾರಿ ಬಂದಿತ್ತು: ಜನವರಿ 2ರಂದು ಒಮ್ಮೆ, ಡಿಸೆಂಬರ್ 23ರಂದು ಮತ್ತೊಮ್ಮೆ. 2024ರಲ್ಲಿಯೂ ಹಾಗೆಯೇ ಜನವರಿ 11ಕ್ಕೊಂದು, ಡಿಸೆಂಬರ್ 30ಕ್ಕೊಂದು. ನಡುವಿನ ವರ್ಷಕ್ಕೆ ಮಾತ್ರ ಒಂದೂ ಇಲ್ಲ. ದೊಡ್ಡವರು ಇದನ್ನು ಅಧಿಕ ಮಾಸದ ಲೆಕ್ಕವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಎಂಟು ವರ್ಷದ ಹುಡುಗನಿಗೆ ಅದು ಹಾಗೆ ಮುಗಿಯುವ ಮಾತಲ್ಲ. ಜನವರಿಯಿಂದ ಡಿಸೆಂಬರಿನವರೆಗೆ ಹನ್ನೆರಡು ಹಾಳೆಗಳನ್ನು ಎರಡು ಸಲ ತಿರುವಿ ಹಾಕಿ, ತನಗೆ ಯಾರೋ ಮೋಸ ಮಾಡಿದ್ದಾರೆಂದೇ ಅವನು ತಿಳಿಯುತ್ತಾನೆ.

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ನಳದುರ್ಗದ ಕೋಟೆಯನ್ನು ದಾಟಿ, ಯೇಣೆಗೂರನ್ನು ಹಿಂದಿಟ್ಟರೆ ಉಮರ್ಗಾ ಬರುತ್ತದೆ. ಧಾರಾಶಿವ ಜಿಲ್ಲೆಯ ತಾಲೂಕಿನ ಊರು. ಜಿಲ್ಲೆಗೆ ಮೊದಲು ಉಸ್ಮಾನಾಬಾದ್ ಎಂಬ ಹೆಸರಿತ್ತು. ಪೂರ್ವಕ್ಕೆ ಇನ್ನೊಂದಿಷ್ಟು ಹೋದರೆ ಕರ್ನಾಟಕದ ಗಡಿ, ಆಚೆ ಬಸವಕಲ್ಯಾಣದ ದಾರಿ. ದಕ್ಷಿಣಕ್ಕೆ ಮುರುಮ್, ಆಲೂರುಗಳ ಮೇಲಿಂದ ಆಳಂದದ ಕಡೆಗೆ ದಾರಿ ಇಳಿಯುತ್ತದೆ. ಬಸ್ ನಿಲ್ದಾಣದ ಫಲಕಗಳು, ಅಂಗಡಿಯ ಹೆಸರುಗಳು, ಶಾಲೆಯ ಪುಸ್ತಕಗಳು ಎಲ್ಲವೂ ಮರಾಠಿಯಲ್ಲಿವೆ. ಆದರೂ ಓಣಿಯೊಳಗೆ ಹೊಕ್ಕರೆ, ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತ ಮುದುಕಿಯರ ಮಾತು ಕನ್ನಡವಾಗಿರುವ ಮನೆಗಳು ಇನ್ನೂ ಉಳಿದಿವೆ. ಅಂಥ ಮನೆಗಳಲ್ಲಿ ಒಂದು ಸಣ್ಣ ತೊಡಕುಂಟು. ಕನ್ನಡದಲ್ಲಿ ‘ಆಯಿ’ ಎಂದರೆ ಅಜ್ಜಿ, ಮರಾಠಿಯಲ್ಲಿ ‘ಆಯಿ’ ಎಂದರೆ ತಾಯಿ. ಮೊಮ್ಮಗ ‘ಆಯೀ’ ಎಂದು ಕೂಗಿದರೆ ಅತ್ತೆಸೊಸೆಯರಿಬ್ಬರೂ ‘ಏನಪಾ’ ಎಂದು ಎದ್ದು ಬರುತ್ತಾರೆ.

ದೀಪಾವಳಿ ಮುಗಿದ ಮರುದಿನದಿಂದ ಇಂಥ ಮನೆಯಲ್ಲಿ ಒಂದೇ ಪ್ರಶ್ನೆ.

“ಆಯಿ, ಎಳ್ಳಮಾಸಿಗಿ ಇನ್ನ ಎಷ್ಟ ದಿನ ಅವ?”

ದೀಪಾವಳಿಯ ಅಮಾವಾಸ್ಯೆಯಿಂದ ಮಾರ್ಗಶಿರದ ಅಮಾವಾಸ್ಯೆಗೆ ಎರಡು ಚಾಂದ್ರಮಾಸಗಳು, ಅಂದರೆ ಐವತ್ತೊಂಬತ್ತು ದಿನಗಳು. 2024ರಲ್ಲಿ ನವೆಂಬರ್ 1ರ ಲಕ್ಷ್ಮೀಪೂಜೆಯಿಂದ ಡಿಸೆಂಬರ್ 30ಕ್ಕೆ ಎಣಿಸಿದರೂ ಅಷ್ಟೇ, 2025ರಲ್ಲಿ ಅಕ್ಟೋಬರ್ 21ರಿಂದ ಡಿಸೆಂಬರ್ 19ಕ್ಕೆ ಎಣಿಸಿದರೂ ಅಷ್ಟೇ. ಕ್ಯಾಲೆಂಡರಿನ ತಾರೀಖು ಹೇಗೆ ಜಾರಿದರೂ ಈ ಅಂತರ ಹೆಚ್ಚೇನೂ ಬದಲಾಗುವುದಿಲ್ಲ. ಆಯಿಗೆ ಇದು ಕ್ಯಾಲೆಂಡರ್ ನೋಡದೆಯೇ ಗೊತ್ತು. ಹುಡುಗನಿಗೂ ಗೊತ್ತು, ಆದರೆ ಗೊತ್ತಿದ್ದರೂ ಅವನು ದಿನವೂ ಕೇಳಬೇಕು. ಕೇಳಿದರೆ ಒಂದು ದಿನ ಕಡಿಮೆಯಾದೀತೆಂಬ ಆಸೆ.

ಈ ಪ್ರಶ್ನೆಗೆ ಸಿಗುವ ಉತ್ತರ ಮಾತ್ರ ಕನ್ನಡದಲ್ಲಿರುತ್ತದೆ. “ಇಪ್ಪತ್ತೇಳ ದಿನ ಅವ ನೋಡಪಾ.” ಹುಡುಗ ಅದನ್ನು ಶಾಲೆಯ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತಾನೆ: ಸತ್ತಾವೀಸ. ಕನ್ನಡದ ಎಣಿಕೆಯಲ್ಲಿ ಇಪ್ಪತ್ತು ಮೊದಲು ಬಂದು ಏಳು ಅದರ ಹಿಂದೆ ಬರುತ್ತದೆ; ಮರಾಠಿಯಲ್ಲಿ ಏಳು ಮೊದಲು, ಇಪ್ಪತ್ತು ಅದರ ಬೆನ್ನಿಗೆ. ಮರಾಠಿಯ ಚಿಕ್ಕ ಮಕ್ಕಳಿಗೂ ಇದು ಎಡವುವ ಜಾಗವೆಂದು 2019ರಲ್ಲಿ ಮಹಾರಾಷ್ಟ್ರದ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ ಸಾತ’ ಎಂಬಂತೆ ಹತ್ತನ್ನು ಮೊದಲು ಹೇಳುವ ರೀತಿಯನ್ನು ಸೇರಿಸಿದಾಗ ರಾಜ್ಯದಾದ್ಯಂತ ದೊಡ್ಡ ಗದ್ದಲವೆದ್ದಿತು. ದಕ್ಷಿಣದ ಭಾಷೆಗಳಲ್ಲಿ ಸಂಖ್ಯೆಗಳನ್ನು ಹೀಗೆಯೇ ಹೇಳುತ್ತಾರೆ ಎಂಬ ಮಾತೂ ಆಗ ಚರ್ಚೆಗೆ ಬಂದಿತು. ಗಡಿನಾಡಿನ ಆಯಿಯರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಹಬ್ಬದ ದಿನಗಳನ್ನು ಎಣಿಸುವ ನೆಪದಲ್ಲಿ ಮೊಮ್ಮಕ್ಕಳಿಗೆ ಈ ಲೆಕ್ಕವನ್ನು ತಾವು ಎಷ್ಟೋ ಕಾಲದಿಂದ ಕಲಿಸುತ್ತ ಬಂದಿರುವುದನ್ನು ಹೇಳುತ್ತಿದ್ದರು.

ಹಬ್ಬದ ಹೆಸರಿನಲ್ಲಿಯೂ ಹೀಗೊಂದು ಸ್ಥಾನಪಲ್ಲಟವಿದೆ. ಕನ್ನಡಿಗರ ಎಳ್ಳಮಾವಾಸ್ಯೆ ಮರಾಠಿಯ ಬಾಯಲ್ಲಿ ಮೊದಲು ‘ಯೆಳವಸ’ ಆಯಿತು, ಬರಹದಲ್ಲಿ ‘ವೇಳ ಅಮಾವಾಸ್ಯೆ’ ಆಯಿತು. ಈ ಹೆಸರು ಕನ್ನಡದ್ದೆಂದು ಮರಾಠಿ ಪತ್ರಿಕೆಗಳೂ ಬರೆಯುತ್ತವೆ. ಆದರೆ ಮರಾಠಿಯಲ್ಲಿ ‘ವೇಳ’ ಎಂದರೆ ವೇಳೆ, ಸಮಯ. ಎಳ್ಳಿನ ಅಮಾವಾಸ್ಯೆ ಗಡಿ ದಾಟುವಾಗ ಸಮಯದ ಅಮಾವಾಸ್ಯೆಯಾಗಿಬಿಟ್ಟಿತು. ಕಿವಿಗೆ ಬಿದ್ದ ಸದ್ದಿಗೆ ತಮಗೆ ತಿಳಿದ ಅರ್ಥವನ್ನು ಕೊಟ್ಟುಕೊಂಡವರದೇನೂ ತಪ್ಪಿಲ್ಲ. ತಪ್ಪಾಗಿ ಹುಟ್ಟಿದ ಹೆಸರುಗಳಲ್ಲಿ ಇಷ್ಟು ಚೆನ್ನಾಗಿ ಒಪ್ಪುವುದು ಅಪರೂಪವೆಂದೇ ಹೇಳಬೇಕು. ವೇಳೆಯನ್ನು ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಅನುಭವಿಸುವುದು ಈ ಹಬ್ಬದ ಸುತ್ತ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

ಲಾತೂರು, ಧಾರಾಶಿವ ಜಿಲ್ಲೆಗಳ ಹೊರಗೆ ಮಹಾರಾಷ್ಟ್ರದಲ್ಲಿ ಈ ಹಬ್ಬದ ಸಂಭ್ರಮ ಅಷ್ಟಾಗಿ ಇಲ್ಲ. ಗಡಿಯ ಈಚೆ ಬೀದರ, ಕಲಬುರಗಿ ಜಿಲ್ಲೆಗಳಿಗೆ ಅದು ಮನೆಯ ಹಬ್ಬ. ಶಾಲೆಗೆ ಸಿಗುವುದು ಒಂದೇ ದಿನದ ರಜೆ, ಅದೂ ಜಿಲ್ಲಾಧಿಕಾರಿ ತಮ್ಮ ಅಧಿಕಾರದಲ್ಲಿ ಘೋಷಿಸುವ ಸ್ಥಳೀಯ ರಜೆ. ದೀಪಾವಳಿಗೆ ಎರಡು ವಾರ ಬಿಡುವು ಸಿಕ್ಕರೂ, ಬೇಸಿಗೆಗೆ ತಿಂಗಳುಗಟ್ಟಲೆ ಸಿಕ್ಕರೂ, ಮಕ್ಕಳು ಕೈಬೆರಳು ಮಡಿಸಿ ಎಣಿಸುವುದು ಈ ಒಂದು ದಿನಕ್ಕಾಗಿ. ಆ ದಿನ ಪೇಟೆ ಬಾಗಿಲು ಹಾಕುತ್ತದೆ, ರಸ್ತೆಗಳು ಬರಿದಾಗುತ್ತವೆ. ‘ಅಘೋಷಿತ ಸಂಚಾರಬಂದಿ’ ಎಂದು ಮರುದಿನದ ಪತ್ರಿಕೆಗಳು ವರ್ಷವೂ ಅದೇ ಮಾತನ್ನು ಅಚ್ಚು ಹಾಕುತ್ತವೆ. ಊರಿಗೆ ಊರೇ ಹೊಲದಲ್ಲಿರುತ್ತದೆ.

ಉಮರ್ಗಾದ ಆ ಮನೆಯ ಮುತ್ಯಾ ಹುಟ್ಟಿದ್ದು ಇಲ್ಲಲ್ಲ, ನಿಲಂಗಾ ತಾಲೂಕಿನ ಹಳ್ಳಿಯೊಂದರಲ್ಲಿ. ಅವರ ಹುಟ್ಟಿದ ವರ್ಷ ಫಸಲಿ 1350. ನಿಜಾಮರ ರಾಜ್ಯದ ಆ ಲೆಕ್ಕಕ್ಕೆ 590 ಕೂಡಿಸಿದರೆ 1940ನೆಯ ಇಸವಿಯ ಕೊನೆಯೋ 1941ರ ಮೊದಲೋ ಆಗುತ್ತದೆ. ಆಜೂರ್, ದೈ, ಬಹಮನ್ ಎಂದು ತಿಂಗಳ ಹೆಸರುಗಳು. ಫಸಲಿ ಎಂಬ ಮಾತಿಗೆ ಫಸಲೇ ಮೂಲ. ಅಂದಿನ ಶಾಲೆಗೆ ವಾರದ ರಜೆ ಶುಕ್ರವಾರ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ರಜೆ ರವಿವಾರಕ್ಕೆ ಸರಿಯಿತು. ಏಳೆಂಟು ವರ್ಷದ ಹುಡುಗನಿಗೆ ಆ ಕಾಲದ ದೊಡ್ಡ ರಾಜಕೀಯ ಘಟನೆ ಅದೇ. ಶುಕ್ರವಾರಕ್ಕೆಂದು ಕಾದವನು ಇನ್ನೂ ಎರಡು ದಿನ ಕಾಯಬೇಕಾಯಿತು.

ನಿಲಂಗಾ, ಉದಗೀರ, ಅಹಮದಪುರ ಮೂರೂ ಆಗ ಬೀದರ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ್, ಔರಾದ ಮೈಸೂರು ರಾಜ್ಯಕ್ಕೆ ಬಂದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಈ ಮೂರು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿ, 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದರಲ್ಲಿ ಉಳಿದವು. ಅಕ್ಕನನ್ನು ಔರಾದಿಗೆ, ತಂಗಿಯನ್ನು ಉದಗೀರಿಗೆ ಕೊಟ್ಟ ಮನೆಯವರಿಗೆ ಒಬ್ಬಳು ಒಂದು ರಾಜ್ಯಕ್ಕೆ, ಇನ್ನೊಬ್ಬಳು ಮತ್ತೊಂದಕ್ಕೆ ಸೊಸೆಯಾದರು. ಎಳ್ಳಮಾವಾಸ್ಯೆಯ ತಿಥಿ ಮಾತ್ರ ಇಬ್ಬರಿಗೂ ಒಂದೇ ಉಳಿಯಿತು.

ನಿಲಂಗಾಕ್ಕೆ ಹೋದವರು ನೀಲಕಂಠೇಶ್ವರ ಗುಡಿಯನ್ನು ನೋಡದೆ ಬರಬಾರದು. ಮೂರು ಗರ್ಭಗೃಹಗಳು, ನಕ್ಷತ್ರದಂತೆ ಮೂಲೆ ಮೂಲೆಯಾಗಿ ಮುರಿದ ಗೋಡೆ, ಮೈತುಂಬ ಶಿಲ್ಪ. ಕಲ್ಯಾಣದ ಚಾಲುಕ್ಯರ ಕಾಲದ ಕೆಲಸ. ಇಲ್ಲಿಂದ ಕಲ್ಯಾಣ ಬಹಳ ದೂರವಿಲ್ಲ, ಅಂದಿನ ಅರಸರಿಗೆ ಇದು ಅಂಗಳದ ನೆಲವಾಗಿತ್ತು. ಲಾತೂರಿನ ಹಳೆಯ ಹೆಸರಾದ ಲತ್ತಲೂರನ್ನು ರಾಷ್ಟ್ರಕೂಟರು ತಮ್ಮ ಬಿರುದಿನಲ್ಲಿ ಧರಿಸಿದ್ದರು. ಈ ಸೀಮೆಯಲ್ಲಿ ಸಿಕ್ಕ ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದಾನ ಕೊಟ್ಟವನು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಒಂದೂ ಬಿಡದೆ ಬರೆಸುತ್ತಾನೆ. ಅಮಾವಾಸ್ಯೆಯೋ ಸಂಕ್ರಮಣವೋ ಗ್ರಹಣವೋ ಎಂಬುದನ್ನು ಮರೆಯುವುದಿಲ್ಲ. ತನ್ನ ವಯಸ್ಸು ಎಷ್ಟೆಂದು ಹೇಳುವುದೇ ಇಲ್ಲ. ಅರವತ್ತು ಸಂವತ್ಸರಗಳ ಚಕ್ರ ಒಮ್ಮೆ ತಿರುಗಿತೆಂದರೆ ಹುಟ್ಟಿದ ವರ್ಷದ ಹೆಸರು ಮರಳಿ ಬರುತ್ತದೆ. ಮುತ್ಯಾ ಹುಟ್ಟಿದ ವಿಕ್ರಮ ಸಂವತ್ಸರ 2000ದಲ್ಲಿ ಮರಳಿತು. ಮೂರನೆಯ ಬಾರಿ ಬರುವುದು 2060ಕ್ಕೆ. ಅದರ ಮಾತನ್ನು ಅವರು ಎತ್ತುವುದಿಲ್ಲ. ಮೊಮ್ಮಗ ಎತ್ತುತ್ತಾನೆ, ಆಗ ತನಗೆಷ್ಟು ವಯಸ್ಸೆಂದು ಲೆಕ್ಕ ಹಾಕುತ್ತಾನೆ.

ವಯಸ್ಸಾದಂತೆ ವರ್ಷಗಳು ಯಾಕೆ ಓಡುತ್ತವೆ ಎಂಬುದನ್ನು ಪಶ್ಚಿಮದ ಪಂಡಿತರೂ ಯೋಚಿಸಿದ್ದಾರೆ. ಫ್ರಾನ್ಸಿನ ಪಾಲ್ ಜಾನೆ 1877ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟ. ಒಂದು ವರ್ಷದ ಉದ್ದ ಬಾಳಿದ ಒಟ್ಟು ಬಾಳಿಗೆ ಹೋಲಿಸಿದಷ್ಟು ಎಂಬುದು ಅದರ ತಿರುಳು. ಎಂಟು ವರ್ಷದವನಿಗೆ ಒಂದು ವರ್ಷವೆಂದರೆ ಆಯುಷ್ಯದ ಎಂಟನೆಯ ಒಂದು ಪಾಲು, ಎಂಬತ್ತೈದರವನಿಗೆ ಎಂಬತ್ತೈದನೆಯ ಒಂದು ಪಾಲು. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟವಾದ ತನ್ನ ಮನಶ್ಶಾಸ್ತ್ರದ ದೊಡ್ಡ ಗ್ರಂಥದಲ್ಲಿ ಈ ಲೆಕ್ಕವನ್ನು ನೆನೆದು, ಅದು ಸಂಗತಿಯನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ ಎಂಬ ಅಭಿಪ್ರಾಯಕ್ಕೆ ಬಂದ. ಎಳೆಯ ವಯಸ್ಸಿನಲ್ಲಿ ದಿನವೂ ಹೊಸತೊಂದು ಕಾಣುತ್ತದೆ, ನೆನಪಿನಲ್ಲಿ ಉಳಿಯುತ್ತದೆ. ದೊಡ್ಡವರ ದಿನಗಳು ರೂಢಿಯಲ್ಲಿ ಸವೆದು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ, ಹಿಂತಿರುಗಿ ನೋಡಿದರೆ ಹಿಡಿಯಲು ಏನೂ ಸಿಗುವುದಿಲ್ಲ ಎಂದು ಅವನ ವಿವರಣೆ.

ಜಾನೆಯ ಲೆಕ್ಕ ಚೊಕ್ಕಟವಾದದ್ದು, ಆದರೆ ಹೊಲದಲ್ಲಿ ನಿಲ್ಲುವುದಿಲ್ಲ. ಕಾಯುವ ಕಾಲ ದೊಡ್ಡವರಿಗೂ ಉದ್ದವಾಗುವುದುಂಟು. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ‘ಜಲದೂತ’ ಎಂದು ಅದಕ್ಕೆ ಹೆಸರು. ಕೊಡ ಹಿಡಿದು ಸರದಿಯಲ್ಲಿ ನಿಂತ ಅರವತ್ತರ ಹೆಂಗಸಿಗೆ ಆ ಬೇಸಿಗೆಯ ಒಂದೊಂದು ತಾಸೂ ಹುಡುಗರ ವರ್ಷದಷ್ಟು ಉದ್ದವಿತ್ತು. ಮೃಗಶಿರಾ ಮಳೆ ತಪ್ಪಿ ಆರಿದ್ರಾ ಬರುವವರೆಗೆ ಆಕಾಶ ನೋಡುವ ಒಕ್ಕಲಿಗನನ್ನು ಕೇಳಿದರೂ ಅದನ್ನೇ ಹೇಳುತ್ತಾನೆ. ಬೇಕಾದದ್ದು ಮುಂದಿದ್ದು ಕೈಗೆಟುಕದಿದ್ದಾಗ ಮುತ್ಯಾನೂ ಮೊಮ್ಮಗನೂ ಒಂದೇ ವಯಸ್ಸಿನವರು. ವ್ಯತ್ಯಾಸ ಇಷ್ಟೇ, ಮೊಮ್ಮಗನಿಗೆ ಬೇಕಾದ ಹಬ್ಬ ಬಂದೇ ಬರುತ್ತದೆ. ಮಳೆಗೆ ಆ ಖಾತ್ರಿಯಿಲ್ಲ.

ಉಮರ್ಗಾದಿಂದ ನಿಲಂಗಾ, ಲಾತೂರು ಕಡೆಗೆ ಹೋಗುವವರು ಕಿಲ್ಲಾರಿಯ ಸೀಮೆಯನ್ನು ಹಾದುಹೋಗುತ್ತಾರೆ. ಅಲ್ಲಿ ವರ್ಷಗಳನ್ನು ಎಣಿಸುವ ಕ್ರಮವೇ ಬೇರೆ: ಭೂಕಂಪದ ಹಿಂದೆ, ಭೂಕಂಪದ ಮುಂದೆ. 1993ರಲ್ಲಿಯೂ ಅಧಿಕ ಮಾಸ ಬಂದಿತ್ತು. ಅದು ಅಧಿಕ ಭಾದ್ರಪದವಾದುದರಿಂದ ಗಣೇಶ ಚತುರ್ಥಿ ಸೆಪ್ಟೆಂಬರ್ 19ರವರೆಗೆ ಸರಿಯಿತು. ಈ ಸಲ ಗಣಪ ಯಾಕೆ ತಡ ಮಾಡಿದ ಎಂದು ಮಕ್ಕಳು ಕೇಳುವ ವರ್ಷ ಅದು. 29ರ ಬುಧವಾರ ಅನಂತ ಚತುರ್ದಶಿ. ಮೆರವಣಿಗೆ, ವಿಸರ್ಜನೆ ಮುಗಿಸಿ ದಣಿದು ಬಂದ ಜನ ಹೊತ್ತು ಮೀರಿ ಮಲಗಿದರು. 30ರ ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ನೆಲ ನಡುಗಿತು. ಮಣ್ಣಿನಲ್ಲಿ ಕಲ್ಲು ಕೂಡಿಸಿ ಕಟ್ಟಿದ ದಪ್ಪ ಗೋಡೆಗಳೂ ಮೇಲಿನ ಮಾಳಿಗೆಯ ಮಣ್ಣೂ ಮಲಗಿದವರ ಮೇಲೆ ಕುಸಿದವು. ಔಸಾ ತಾಲೂಕಿನ ಕಿಲ್ಲಾರಿ, ಅಂದು ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಎಂಟು ಸಾವಿರದ ಹತ್ತಿರ ಜನ ಸತ್ತರೆಂದು ಸರಕಾರದ ಲೆಕ್ಕ. ಹತ್ತು ಸಾವಿರವೆಂದು ಜನರ ಮಾತು. ಅದರಲ್ಲಿ ಎಷ್ಟೋ ಮಂದಿ ಹತ್ತು ದಿನದ ಗಣಪನಿಗಾಗಿ ಆ ವರ್ಷ ಒಂದು ತಿಂಗಳು ಹೆಚ್ಚು ಕಾದ ಮಕ್ಕಳು.

ಆ ವರ್ಷದ ಎಳ್ಳಮಾವಾಸ್ಯೆ 1994ರ ಜನವರಿ 11ಕ್ಕೆ ಬಿತ್ತು, ಭೂಕಂಪವಾದ ನೂರಮೂರನೆಯ ದಿನ. ಅಂದು ಎಂಟು ವರ್ಷದವರಾಗಿ ಉಳಿದವರು ಈಗ ನಲವತ್ತನ್ನು ತಲುಪಿದ್ದಾರೆ. ಸಾಲು ಸಾಲಾಗಿ, ಅಗಲವಾದ ಬೀದಿಗಳಿಟ್ಟು ಕಟ್ಟಿಕೊಟ್ಟ ಹೊಸ ಊರುಗಳಲ್ಲಿ ಅವರ ಮಕ್ಕಳು ಇಂದು ಹಬ್ಬಕ್ಕೆ ದಿನ ಎಣಿಸುತ್ತಾರೆ. ತಂದೆತಾಯಿಯರು ಆ ಎಣಿಕೆಗೆ ಬೇಸರಪಡುವುದಿಲ್ಲ, ಗದರುವುದಿಲ್ಲ.

ಉದಗೀರಕ್ಕೆ ಬೀದರಿನಿಂದ ಬರುವವರಿಗೆ ರೈಲುಂಟು: ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಉದಗೀರಗಳ ಮೇಲಿಂದ ಪರಳಿಗೆ ಹೋಗುವ ಹಳೆಯ ದಾರಿ. ಊರಿನಲ್ಲಿ ಕೋಟೆಯಿದೆ, ಕೋಟೆಯೊಳಗೆ ಊರಿಗೆ ಹೆಸರು ಕೊಟ್ಟ ಉದಾಗಿರಿ ಬಾಬಾನ ಸ್ಥಾನವಿದೆ. 1760ರ ಫೆಬ್ರವರಿಯಲ್ಲಿ ಸದಾಶಿವರಾವ್ ಭಾವು ನಿಜಾಮನ ಸೈನ್ಯವನ್ನು ಸೋಲಿಸಿದ್ದು ಈ ಸೀಮೆಯಲ್ಲಿ. ಮರುವರ್ಷ ಜನವರಿಗೆ ಅವನು ಪಾಣಿಪತ್ತಿನಲ್ಲಿ ಮಡಿದ. ವರ್ಷ ತುಂಬುವುದರೊಳಗೆ ಗೆಲುವು ಸೋಲುಗಳೆರಡನ್ನೂ ಕಂಡ ಆ ಸೇನಾಪತಿಗೆ ಕಾಲ ಹೇಗೆ ಸರಿಯಿತೋ. ಇಂದಿನ ಉದಗೀರ ಬೇಳೆಕಾಳಿನ ಪೇಟೆ. ಸುತ್ತಲಿನದು ದೇವಣಿ ತಳಿಯ ದನಗಳ ಸೀಮೆ. ಬಿಳಿಯ ಮೈಮೇಲೆ ಕರಿಯ ಮಚ್ಚೆಯ ಆ ಎತ್ತುಗಳು ಹೂಡಿದ ಬಂಡಿಯಲ್ಲಿ ಕುಳಿತು ಹೊಲಕ್ಕೆ ಹೋಗುವುದು ಹಿಂದೆ ಎಳ್ಳಮಾವಾಸ್ಯೆಯ ಅರ್ಧ ಹಬ್ಬವಾಗಿತ್ತು. ಊರಿನಿಂದ ಹೊಲಕ್ಕೆ ಒಂದು ತಾಸು. ದಾರಿಯುದ್ದಕ್ಕೂ ಬೇರೆ ಬಂಡಿಗಳ ಮಕ್ಕಳೊಡನೆ ಕೂಗಾಟ, ಪೈಪೋಟಿ. ಈಗ ಮೋಟಾರ್ ಸೈಕಲ್ಲು, ಟೆಂಪೋಗಳಲ್ಲಿ ಅದೇ ದಾರಿ ಹತ್ತು ನಿಮಿಷ. ಉಳಿದ ಐವತ್ತು ನಿಮಿಷಗಳು ಎಲ್ಲಿ ಹೋದವೆಂದು ಹೇಳುವವರಿಲ್ಲ. ಆಟವಾಡಲು ಹೆಚ್ಚು ಸಮಯ ಸಿಕ್ಕಿತೆಂದು ಯಾವ ಮಕ್ಕಳೂ ಹೇಳುವುದಿಲ್ಲ.

ಹೊಲಗಳೂ ಬದಲಾಗಿವೆ. ಸೋಯಾಬೀನಿನ ದೊಡ್ಡ ವ್ಯಾಪಾರ ಲಾತೂರಿಗೆ ಬಂದ ಮೇಲೆ ಮುಂಗಾರಿಯೆಲ್ಲ ಅದೇ ಬೆಳೆ, ಹಿಂಗಾರಿಗೆ ಕಡಲೆ. ಬಿಳಿಜೋಳ ಬಿತ್ತುವವರು ಕಡಿಮೆಯಾದರು. ಜೋಳವಿಲ್ಲದೆ ಕಣಿಕೆಯಿಲ್ಲ, ಕಣಿಕೆಯಿಲ್ಲದೆ ಎಳ್ಳಮಾವಾಸ್ಯೆಯ ‘ಕೋಪ’ ಏಳುವುದಿಲ್ಲ. ಕಣಿಕೆಯ ಸೂಡುಗಳನ್ನು ಗುಡಿಸಲಿನಂತೆ ನಿಲ್ಲಿಸಿ, ಮೇಲೆ ಶಾಲನ್ನೋ ಸೀರೆಯನ್ನೋ ಹೊದಿಸಿ, ಒಳಗೆ ಸುಣ್ಣ ಕುಂಕುಮ ಹಚ್ಚಿದ ಐದು ಕಲ್ಲುಗಳನ್ನಿಡುತ್ತಾರೆ. ಅವು ಪಾಂಡವರು. ಪೂಜೆಗಾಗಿಯೇ ನಾಲ್ಕು ಸಾಲು ಜೋಳ ಬಿತ್ತುವ ಮನೆಗಳಿವೆ, ನೆರೆಯವರ ಹೊಲದಿಂದ ಕಣಿಕೆ ಬೇಡಿ ತರುವವರೂ ಇದ್ದಾರೆ. ಸೀತನಿ ತಿನ್ನುವ ಆಸೆಗೆ ಮಕ್ಕಳು ನವೆಂಬರಿನಲ್ಲಿಯೇ ಹೋಗಿ ತೆನೆ ಹಾಲುಗಟ್ಟಿತೋ ಇಲ್ಲವೋ ಎಂದು ಉಗುರಿನಿಂದ ಚಿವುಟಿ ನೋಡುತ್ತಾರೆ. ಗೋಡೆಯ ಕ್ಯಾಲೆಂಡರಿಗಿಂತ ಅವರು ನಂಬುವ ಗಡಿಯಾರ ಅದು.

ಹಬ್ಬದ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಹೆಂಗಸರಿಗೆ ಕೆಲಸ, ಮಕ್ಕಳಿಗೆ ತಳಮಳ. ಜೋಳದ ಹಿಟ್ಟು ಮಜ್ಜಿಗೆ ಬೆರೆಸಿದ ಅಂಬಲಿಯನ್ನು ಮಣ್ಣಿನ ಬಿಂದಿಗೆಯಲ್ಲಿ ಹುದುಗಿಡಬೇಕು. ಭಜ್ಜಿಗೆ ತೊಗರಿ, ಹಸಿಕಡಲೆ, ಬಟಾಣಿ, ಅವರೆ, ಶೇಂಗಾ ಎಲ್ಲವನ್ನೂ ಸುಲಿಯಬೇಕು. ಮೆಂತ್ಯೆ ಸೊಪ್ಪು ಸೋಸಬೇಕು, ಹುಣಸೆ ನೆನೆಹಾಕಬೇಕು, ಕಡಲೆ ಹಿಟ್ಟು ಕಲಸಬೇಕು. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದ ಬಜ್ಜಿಯೆಂದು ತಿಳಿಯುವ ಬೆಂಗಳೂರಿನವರಿಗೆ ಇದು ಅರ್ಥವಾಗದು. ಇದು ಆ ಋತುವಿನ ಕಾಳುಪಲ್ಯಗಳೆಲ್ಲ ಒಂದೇ ಪಾತ್ರೆಯಲ್ಲಿ ಕುದಿದು ಗಟ್ಟಿಯಾಗುವ ಪದಾರ್ಥ. ಸಜ್ಜೆಯ ಉಂಡೆ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗೋಧಿಯ ಖೀರು. ಹುಡುಗ ಎರಡು ಸಲ ಎದ್ದು ಬಂದು ‘ಬೆಳಗಾಯಿತೇನು’ ಎಂದು ಕೇಳುತ್ತಾನೆ. ಅಡಿಗೆಮನೆಯಲ್ಲಿ ಆಯಿ, “ಇದೇ ಈಗ ಹನ್ನೊಂದ ಬಡದಾವ, ಮಲಗ ಹೋಗ ಮಗಾ” ಎನ್ನುತ್ತಾಳೆ. ಅವಳಿಗೆ ಆ ಹನ್ನೊಂದು ಯಾವಾಗ ಬಡಿದವೋ ತಿಳಿದಿಲ್ಲ. ಇನ್ನೂ ಅರ್ಧ ತೊಗರಿ ಸುಲ್ಯುವುದಿದೆ.

2025ರ ಡಿಸೆಂಬರ್ 19 ಶುಕ್ರವಾರ. ಮುತ್ಯಾನ ಬಾಲ್ಯದ ರಜೆಯ ವಾರ. ಮಧ್ಯಾಹ್ನಕ್ಕೆ ಮೊದಲೇ ಕೋಪದ ಮುಂದೆ ಪೂಜೆಯಾಯಿತು, ಹೊಲದ ಸುತ್ತ ಚರಗ ಚೆಲ್ಲಿದರು. ಮುಂದೆ ಒಬ್ಬ ಅಂಬಲಿ ಚಿಮುಕಿಸುತ್ತ ಕೂಗುತ್ತಾನೆ, ಹಿಂದಿನವರು ದನಿಗೂಡಿಸುತ್ತಾರೆ. ಆ ಕೂಗಿನ ಮಾತುಗಳಿಗೆ ಇಂದಿನ ಮರಾಠಿಯಲ್ಲಿ ಅರ್ಥವಿಲ್ಲ, ಇಂದಿನ ಕನ್ನಡದಲ್ಲಿಯೂ ನೇರ ಅರ್ಥ ಸಿಗದು. ಸೀಗೆ ಹುಣ್ಣಿಮೆಯಲ್ಲಿ ಧಾರವಾಡ, ಗದಗ ಕಡೆಯ ಹೊಲಗಳಲ್ಲಿ ಕೇಳುವ ‘ಹುಲ್ಲುಲ್ಲಿಗೋ’ ಎಂಬ ಕೂಗಿನ ಬಳಗವೆಂದು ಕಿವಿಗೆ ಮಾತ್ರ ಗೊತ್ತಾಗುತ್ತದೆ. ಮನೆಯಲ್ಲಿ ಕನ್ನಡ ಮರೆತು ಎರಡು ತಲೆಮಾರಾದ ಕುಟುಂಬಗಳೂ ವರ್ಷಕ್ಕೊಮ್ಮೆ ಹೊಲದಲ್ಲಿ ಅದನ್ನು ಗಟ್ಟಿಯಾಗಿ ಕೂಗುತ್ತವೆ. ಭಾಷೆ ಹೋದ ಮೇಲೆ ಕೂಗೊಂದು ಉಳಿದರೆ ಸಾಕೇ ಎಂಬ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ಯಾರೂ ಕೇಳಿಕೊಳ್ಳುವುದಿಲ್ಲ. ಆಯಿಗೆ ಮಾತ್ರ ಆ ಪ್ರಶ್ನೆ ಇದ್ದೇ ಇದೆ. ಮಗ ಕನ್ನಡವನ್ನು ತಿಳಿಯುತ್ತಾನೆ, ಆಡುತ್ತಾನೆ, ಓದಲಾರ. ಸೊಸೆ ಲಾತೂರಿನವಳು. ಮೊಮ್ಮಗ ಆಡುವುದು ದಿನಕ್ಕೆ ನಾಲ್ಕಾರು ಮಾತು, ಅದರಲ್ಲಿ ಒಂದು ‘ಇನ್ನ ಎಷ್ಟ ದಿನ’. ಕಲಿಯಲು ಅವನಿಗೆ ಬೇಕಾದಷ್ಟು ಕಾಲವಿದೆ ಎಂದು ಎಲ್ಲರೂ ಹೇಳುತ್ತಾರೆ. ಕಲಿಸುವವಳಿಗೆ ಅಷ್ಟು ಕಾಲವಿಲ್ಲ.

ಊಟವಾಯಿತು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಗೆ ಸರದಿ, ಗಾಳಿಪಟ, ಪುಣೆಯಿಂದ ಬಂದ ಚಿಕ್ಕಪ್ಪನ ಮಕ್ಕಳೊಡನೆ ಜಗಳ, ರಾಜಿ, ಮತ್ತೆ ಸೀತನಿ. ಈ ಅಮಾವಾಸ್ಯೆ ಯಾವಾಗಲೂ ವರ್ಷದ ಅತಿ ಚಿಕ್ಕ ಹಗಲುಗಳ ಕಾಲದಲ್ಲಿಯೇ ಬೀಳುತ್ತದೆ. ಜೂನಿನಲ್ಲಿ ಹದಿಮೂರು ತಾಸಿಗೂ ಮಿಕ್ಕಿ ಇರುವ ಹಗಲು ಈ ಸೀಮೆಯಲ್ಲಿ ಡಿಸೆಂಬರಿನ ಮೂರನೆಯ ವಾರಕ್ಕೆ ಹನ್ನೊಂದು ತಾಸಿಗೆ ಇಳಿದಿರುತ್ತದೆ. ಐವತ್ತೊಂಬತ್ತು ದಿನ ಎಣಿಸಿ ಕಾದ ಹಗಲು ವರ್ಷದಲ್ಲಿಯೇ ಮೋಟು ಹಗಲು. ಸಂಕ್ರಮಣದ ಮೇಲೆ ಹಗಲು ಎಳ್ಳೆಳ್ಳಷ್ಟು ಬೆಳೆಯುತ್ತದೆ ಎಂಬ ಮರಾಠಿ ಮಾತು ಸಮಾಧಾನಕ್ಕೆ ಸರಿ, ಆದರೆ ಅದು ಅಂದಿನ ಉಪಯೋಗಕ್ಕೆ ಬರುವುದಿಲ್ಲ. ಆಡುತ್ತಿದ್ದ ಹುಡುಗ ತಲೆಯೆತ್ತಿ ನೋಡುವಷ್ಟರಲ್ಲಿ ತೊಗರಿಯ ಸಾಲಿನ ನೆರಳು ಕೋಪವನ್ನು ದಾಟಿತ್ತು. ಮುತ್ಯಾನಿಗೆ ಮಾತ್ರ ಅಂದಿನ ಹಗಲು ಬಹಳ ಉದ್ದವಾಯಿತು. ಬೆನ್ನಿಗೆ ಆಸರೆಯಿಲ್ಲದೆ ಕಂಬಳಿಯ ಮೇಲೆ ಎಷ್ಟು ಹೊತ್ತು ಕೂರುವುದು? ಮಧ್ಯಾಹ್ನದಿಂದಲೇ ಮನೆಯ ಮಂಚ ನೆನಪಾಗುತ್ತಿತ್ತು. ಜಾನೆ, ಜೇಮ್ಸ್ ಇಬ್ಬರ ಮಾತೂ ಅಲ್ಲಿ ತಲೆಕೆಳಗಾಯಿತು.

ಸಂಜೆ ಕಣಿಕೆಯ ಪಂಜು ಹಚ್ಚಿಕೊಂಡು ಗಂಡುಮಕ್ಕಳು ಹೊಲದ ಸುತ್ತ ಓಡಿದರು. ದೂರ ದೂರದ ಹೊಲಗಳಲ್ಲಿಯೂ ಕೆಂಪು ಚುಕ್ಕೆಗಳು ಓಡಾಡುತ್ತಿದ್ದವು. ಚಂದ್ರನಿಲ್ಲದ ರಾತ್ರಿಯಾದುದರಿಂದ ಅವು ಬಹಳ ದೂರದವರೆಗೆ ಕಾಣುತ್ತಿದ್ದವು, ಕರ್ನಾಟಕದ ಕಡೆಯವೂ ಇರಬಹುದು.

ಮನೆಗೆ ಬಂದ ಮೇಲೆ ಹುಡುಗ ಮಾಡಿದ ಮೊದಲ ಕೆಲಸ, ಪೇಟೆಯಿಂದ ಆಗಲೇ ತಂದಿಟ್ಟಿದ್ದ 2026ರ ಕಾಲನಿರ್ಣಯವನ್ನು ಬಿಚ್ಚಿದ್ದು. 1973ರಿಂದ ಮಹಾರಾಷ್ಟ್ರದ ಗೋಡೆಗಳನ್ನು ಆಳುತ್ತಿರುವ ಆ ಕ್ಯಾಲೆಂಡರಿನಲ್ಲಿ ಅವನು ಡಿಸೆಂಬರಿನಿಂದ ಹಿಂದಕ್ಕೆ ಹೋದ, ಜನವರಿಯಿಂದ ಮುಂದಕ್ಕೆ ಬಂದ. ವೇಳ ಅಮಾವಾಸ್ಯೆ ಎಲ್ಲಿಯೂ ಇಲ್ಲ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠವೆಂದು ಮುತ್ಯಾ ಬೆರಳಿಟ್ಟು ತೋರಿಸಿದರು. ಮುಂದಿನ ಎಳ್ಳಮಾವಾಸ್ಯೆ 2027ರ ಜನವರಿ 7ಕ್ಕೆ.

ಹುಡುಗ ನೋಟುಬುಕ್ಕಿನ ಹಿಂಬದಿಯಲ್ಲಿ ಕೂಡಿಸಿ ಕಳೆದು ಲೆಕ್ಕ ಹಾಕಿದ. “ತೀನಶೇ ಚೌರ್‍ಯಾಐಂಶಿ,” ಎಂದವನು ನಾಲಗೆ ತೊಡರಿ ನಿಂತ. “ಆಯಿ, ಕನ್ನಡದಾಗ ಎಷ್ಟ?”

“ಮುನ್ನೂರ ಎಂಬತ್ನಾಕ.”

“ಮುನ್ನೂರ ಎಂಬತ್ನಾಕ,” ಎಂದು ಅವನು ಎರಡು ಸಲ ಹೇಳಿಕೊಂಡ. ಮುತ್ಯಾ ಕನ್ನಡಕ ತೆಗೆದು ಮಡಿಸಿಟ್ಟು, ಏನೂ ಹೇಳದೆ ಮಂಚದ ಕಡೆ ಹೋದರು. ಆಯಿ ಉಳಿದ ಭಜ್ಜಿಯನ್ನು ಚಿಕ್ಕ ಪಾತ್ರೆಗೆ ಸುರಿಯುತ್ತಿದ್ದಳು. ಮರುದಿನ ಹಬ್ಬಕ್ಕಿಂತ ಅದರ ರುಚಿ ಹೆಚ್ಚು.

ಮರುದಿನ ಶನಿವಾರ, ಮುಂಜಾನೆಯ ಶಾಲೆ. ಕತ್ತಲು ಹರಿಯುವ ಮೊದಲೇ ಎದ್ದು ಸಮವಸ್ತ್ರ ತೊಟ್ಟ ಹುಡುಗ ಒಲೆಯ ಮುಂದೆ ಕುಳಿತಿದ್ದ ಆಯಿಯ ಬಳಿ ಬಂದು ನಿಂತ. ಕೈಯಲ್ಲಿ ಅಂಗೈಯಷ್ಟು ಉಳಿದ ಸಜ್ಜೆ ರೊಟ್ಟಿಯಿತ್ತು.

“ಮುನ್ನೂರ ಎಂಬತ್ಮೂರ, ಆಯಿ.”